ಬಿಆರ್‌ಸಿಎ1 ಮೆಥೈಲೇಷನ್ 25% ಪಾಸಿಟಿವ್ ಅಂತ ಬಂದಿದೆ. ಅವ್ವನ ಕಾಯಿಲೆ ಮುಂದೆ ಹೇಗಿರುತ್ತದೆ ಅಂತ ಇದರಿಂದ ಗೊತ್ತಾಗುತ್ತದಾ?

ನೀವು ಬರೆದದ್ದು ಇಷ್ಟು: ಬಾಗಲಕೋಟೆಯಲ್ಲಿರುವ ನಿಮ್ಮ ಅವ್ವಗೆ ಅಂಡಾಶಯದ ಹೈ ಗ್ರೇಡ್ ಸೀರಸ್ ಕ್ಯಾನ್ಸರ್, ಸ್ಟೇಜ್ 3ಸಿ. ಮೂರು ಕೀಮೋ ಆದ ಮೇಲೆ ಆಪರೇಷನ್ ಆಗಿದೆ. ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ರಿಪೋರ್ಟಿನಲ್ಲಿ ‘ಬಿಆರ್‌ಸಿಎ1 ಪ್ರೊಮೋಟರ್ ಮೆಥೈಲೇಷನ್: ಪಾಸಿಟಿವ್, 25%’ ಎಂದಿದೆ. ಇದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದ್ದೀರಿ.

ನೋಡ್ರಿ, ಬೆಳಗಾವಿಯಲ್ಲಿ ಇಂಥ ರಿಪೋರ್ಟುಗಳನ್ನು ಓದುವುದೇ ನನ್ನ ಕೆಲಸ. ಆ 25 ಎಂಬ ಒಂದೇ ಅಂಕಿಯಿಂದ ನಾನಾಗಲಿ, ಬೇರೆ ಯಾರೇ ಆಗಲಿ ಒಳ್ಳೆಯದು ಕೆಟ್ಟದ್ದು ಹೇಳಲು ಬರುವುದಿಲ್ಲ. ‘ಪಾಸಿಟಿವ್’ ಎಂಬ ಪದಕ್ಕೆ ಹೆದರಬೇಡಿ, ಅದನ್ನೇ ನಂಬಿ ಸಮಾಧಾನವನ್ನೂ ಪಡಬೇಡಿ.

ಮೊದಲು ಅದು ಏನು ಅಂತ. ಬಿಆರ್‌ಸಿಎ1 ಜೀನ್ ತುಂಡಾದ ಡಿಎನ್‌ಎಯನ್ನು ಸರಿಯಾಗಿ ಜೋಡಿಸುತ್ತದೆ. ಮ್ಯುಟೇಷನ್ ಅಂದರೆ ಜೀನಿನ ಬರಹವೇ ಕೆಟ್ಟಿದೆ. ಮೆಥೈಲೇಷನ್ ಅಂದರೆ ಬರಹ ಸರಿ ಇದೆ, ಬಾಗಿಲಿಗೆ ಕೀಲಿ ಬಿದ್ದಿದೆ. ಎರಡರಲ್ಲೂ ರಿಪೇರಿ ನಿಲ್ಲುತ್ತದೆ, ಹಾಗಾಗಿ ಕಾರ್ಬೋಪ್ಲಾಟಿನ್‌ನಂಥ ಕೀಮೋ ಔಷಧಕ್ಕೂ ಪಾರ್ಪ್ ಮಾತ್ರೆಗಳಿಗೂ (ಗಡ್ಡೆಯ ಡಿಎನ್‌ಎ ರಿಪೇರಿಯನ್ನು ಇನ್ನಷ್ಟು ತಡೆಯುವ ರುಕಾಪರಿಬ್, ಒಲಾಪರಿಬ್, ನಿರಾಪರಿಬ್‌ನಂಥವು) ಗಡ್ಡೆ ಬಗ್ಗಬೇಕು. ಆದರೆ ಕೀಲಿ ಹಾಕಿದ್ದನ್ನು ಗಡ್ಡೆ ತೆಗೆಯಲೂಬಹುದು, ಎಲ್ಲ ಸಮಸ್ಯೆ ಇರುವುದು ಅಲ್ಲಿಯೇ. 2011ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಯೋಜನೆ 489 ಸೀರಸ್ ಗಡ್ಡೆಗಳನ್ನು ಪರೀಕ್ಷಿಸಿದಾಗ ಸುಮಾರು 11%ರಲ್ಲಿ ಬಿಆರ್‌ಸಿಎ1ಗೆ ಹೀಗೆ ಕೀಲಿ ಬಿದ್ದಿತ್ತು. ಮ್ಯುಟೇಷನ್ ಇದ್ದವರು ಹೆಚ್ಚು ಕಾಲ ಬದುಕಿದ್ದರು, ಮೆಥೈಲೇಷನ್ ಇದ್ದವರಲ್ಲಿ ಆ ಲಾಭ ಕಾಣಲಿಲ್ಲ. ಮುಂದೆ 2018ರಲ್ಲಿ ರುಕಾಪರಿಬ್ ಔಷಧದ ಏರಿಯಲ್2 ಟ್ರಯಲ್‌ನ ಗಡ್ಡೆಗಳನ್ನೂ ನೋಡಿದ ಅಧ್ಯಯನವೊಂದು ಕಾರಣ ತೋರಿಸಿತು: ಗಡ್ಡೆಯ ಜೀವಕೋಶದಲ್ಲಿರುವ ಜೀನಿನ ಎಲ್ಲ ಪ್ರತಿಗಳಿಗೂ ಕೀಲಿ ಬಿದ್ದಿದ್ದರೆ ಮಾತ್ರ ಔಷಧ ಚೆನ್ನಾಗಿ ಹಿಡಿಯುತ್ತದೆ. ಒಂದು ಪ್ರತಿ ತೆರೆದಿದ್ದರೂ ರಿಪೇರಿ ನಡೆಯುತ್ತದೆ. ಎರಡು ಬಾಗಿಲಿನ ಮನೆಗೆ ಒಂದೇ ಬಾಗಿಲಿಗೆ ಕೀಲಿ ಹಾಕಿದ ಹಾಗೆ.

ಹಾಗಾದರೆ 25% ಪೂರ್ತಿಯೋ ಅರ್ಧವೋ? ಲೆಕ್ಕ ಮಾಡಿ ನೋಡೋಣ. ಲ್ಯಾಬಿಗೆ ಹೋಗುವ ತುಣುಕಿನಲ್ಲಿ ಗಡ್ಡೆಯ ಜೀವಕೋಶದ ಜೊತೆ ರಕ್ತನಾಳ, ನಾರು, ಬಿಳಿ ರಕ್ತಕಣ ಎಲ್ಲ ಬೆರೆತಿರುತ್ತವೆ. ಈ ಸಾಮಾನ್ಯ ಜೀವಕೋಶಗಳಲ್ಲಿ ಎರಡೆರಡು ಪ್ರತಿ, ಎರಡೂ ತೆರೆದವು. 17ನೇ ಕ್ರೋಮೋಸೋಮಿನ ಒಂದು ಪ್ರತಿ ಈ ಕ್ಯಾನ್ಸರಿನಲ್ಲಿ ಬಹಳ ಸಲ ಕಳೆದುಹೋಗಿರುತ್ತದೆ, ಬಿಆರ್‌ಸಿಎ1 ಇರುವುದೂ ಅದರಲ್ಲೇ. 100 ಜೀವಕೋಶ ತಗೊಳ್ಳಿ. 40 ಗಡ್ಡೆಯವು, ಪ್ರತಿಯೊಂದರಲ್ಲೂ ಉಳಿದದ್ದು ಒಂದೇ ಪ್ರತಿ, ಅದಕ್ಕೂ ಕೀಲಿ. ಕೀಲಿ ಬಿದ್ದ ಪ್ರತಿ 40, ಸಾಮಾನ್ಯ 60 ಜೀವಕೋಶಗಳಿಂದ ತೆರೆದವು 120. 160ರಲ್ಲಿ 40 ಅಂದರೆ 25%. ಇಲ್ಲಿ ಗಡ್ಡೆಯಲ್ಲಿ ಕೀಲಿ ಪೂರ್ತಿ ಬಿದ್ದಿದೆ. ಈಗ 100ರಲ್ಲಿ 50 ಗಡ್ಡೆಯ ಜೀವಕೋಶ ಅಂದುಕೊಳ್ಳಿ, ಎರಡೆರಡು ಪ್ರತಿ, ಒಂದಕ್ಕೆ ಕೀಲಿ, ಒಂದು ತೆರೆದಿದೆ. ಗಡ್ಡೆಯ ಪ್ರತಿ 100, ಸಾಮಾನ್ಯ 50 ಜೀವಕೋಶಗಳಿಂದ 100, ಒಟ್ಟು 200ರಲ್ಲಿ ಕೀಲಿ ಬಿದ್ದದ್ದು 50, ಮತ್ತೆ 25%! ಇಲ್ಲಿ ಕೀಲಿ ಅರ್ಧ ಮಾತ್ರ. ಒಂದೇ ಅಂಕಿ, ಅರ್ಥ ಎರಡು. ಸ್ಲೈಡ್ ನೋಡಿ ಕಣ್ಣಂದಾಜಿನಲ್ಲಿ ಗಡ್ಡೆ ಎಷ್ಟಿದೆ ಎಂದು ಹೇಳುವಾಗ ಇಬ್ಬರು ಪೆಥಾಲಜಿಸ್ಟರ ನಡುವೆ 10 ಅಂಕ ಹೆಚ್ಚುಕಡಿಮೆ ಆಗುವುದು ಸಾಮಾನ್ಯ ಎಂಬುದನ್ನೂ ನೆನಪಿಡಿ.

ಆದ್ದರಿಂದ ಲ್ಯಾಬಿಗೆ ಫೋನ್ ಮಾಡಿ ಕೇಳ್ರಿ: ಡಿಎನ್‌ಎ ತೆಗೆದ ಜಾಗದಲ್ಲೇ ಗಡ್ಡೆಯ ಪ್ರಮಾಣ ಎಷ್ಟಿತ್ತು, ಅದನ್ನು ವಿಸ್ತೀರ್ಣ ನೋಡಿ ಹೇಳಿದರೋ ನ್ಯೂಕ್ಲಿಯಸ್ ಎಣಿಸಿ ಹೇಳಿದರೋ (ಎಣಿಸಿದ್ದೇ ಸರಿ, ಸಣ್ಣ ಬಿಳಿ ರಕ್ತಕಣಗಳು ವಿಸ್ತೀರ್ಣದಲ್ಲಿ ಕಾಣುವುದಿಲ್ಲ), ಬಿಆರ್‌ಸಿಎ1 ಪ್ರತಿಗಳು ಎಷ್ಟು, ಯಾವ ವಿಧಾನ. ಎಂಎಸ್-ಎಂಎಲ್‌ಪಿಎ ವಿಧಾನದಲ್ಲಿ ಪ್ರತಿಗಳ ಸಂಖ್ಯೆಯೂ ಅದೇ ಪರೀಕ್ಷೆಯಲ್ಲಿ ಸಿಗುತ್ತದೆ. ಬರೀ ‘ಇದೆ/ಇಲ್ಲ’ ಎನ್ನುವ ಮೆಥೈಲೇಷನ್ ಪಿಸಿಆರ್‌ಗೆ ನಾನು ಇಲ್ಲಿ ಬೆಲೆ ಕೊಡುವುದಿಲ್ಲ.

ಬೈಸಲ್ಫೈಟ್ ಎಂಬ ರಾಸಾಯನಿಕ ಬಳಸುವ ವಿಧಾನವಾದರೆ ಇನ್ನೊಂದು ಮಾತು. ಬೈಸಲ್ಫೈಟ್ ಮೆಥೈಲ್ (ಅಂದರೆ ಕೀಲಿ) ಇಲ್ಲದ ಸೈಟೊಸಿನ್ ಎಂಬ ಡಿಎನ್‌ಎ ಅಕ್ಷರವನ್ನು ಯುರಾಸಿಲ್ ಎಂಬ ಬೇರೆ ಅಕ್ಷರ ಮಾಡುತ್ತದೆ, ಮೆಥೈಲ್ ಇದ್ದದ್ದನ್ನು ಹಾಗೇ ಬಿಡುತ್ತದೆ. ಈ ಬದಲಾವಣೆ ಅರ್ಧಕ್ಕೆ ನಿಂತರೆ ಇಲ್ಲದ ಮೆಥೈಲೇಷನ್ ಇದ್ದ ಹಾಗೆ ಕಾಣುತ್ತದೆ. ಮೇಲಾಗಿ ಅದು ಡಿಎನ್‌ಎಯನ್ನು ಚೂರುಚೂರು ಮಾಡುತ್ತದೆ, ಫಾರ್ಮಲಿನ್‌ನಲ್ಲಿ ಮೊದಲೇ ಸವೆದ ಡಿಎನ್‌ಎ ಆದರಂತೂ ಕೇಳುವುದೇ ಬೇಡ. ಪೂರ್ತಿ ಮೆಥೈಲ್ ಆದದ್ದು ಒಂದು, ಆಗದೇ ಇದ್ದದ್ದು ಒಂದು, ಹೀಗೆ ಉತ್ತರ ಮೊದಲೇ ಗೊತ್ತಿರುವ ಎರಡು ಮಾದರಿ (ಕಂಟ್ರೋಲ್) ಜೊತೆಗೆ ಓಡಿಸಿದ್ದಾರೆಯೇ, ಅವ್ವನ ಮಾದರಿಯನ್ನು ಎರಡು ಸಲ ಮಾಡಿದ್ದಾರೆಯೇ ಎಂದು ಕೇಳುವುದು ನಿಮ್ಮ ಹಕ್ಕು.

ಯಾವ ಬ್ಲಾಕ್ (ಮೇಣದಲ್ಲಿ ಕೂರಿಸಿಟ್ಟ ಗಡ್ಡೆಯ ತುಣುಕು) ಎಂಬುದೂ ಅಷ್ಟೇ ಮುಖ್ಯ. ಪರೀಕ್ಷೆ ಆದದ್ದು ಆಪರೇಷನ್ನಿನ ಬ್ಲಾಕಿನ ಮೇಲೆ, ಅಂದರೆ ಮೂರು ಕೀಮೋ ತಿಂದ ಗಡ್ಡೆ. ಕೀಮೋ ಕೆಲಸ ಮಾಡಿದ್ದರೆ ಅಲ್ಲಿ ಉಳಿಯುವುದು ನಾರು ಜಾಸ್ತಿ, ಗಡ್ಡೆ ಕಡಿಮೆ. ಉಳಿದ ಗಡ್ಡೆಯೂ ಕೀಲಿ ತೆಗೆದುಕೊಂಡು ಬದುಕಿದ್ದಿರಬಹುದು. ಕೀಮೋಗೆ ಮೊದಲಿನ ಬಯಾಪ್ಸಿ, ಇಲ್ಲವೇ ಹೊಟ್ಟೆಯ ನೀರಿನಿಂದ ಮಾಡಿದ ಸೆಲ್ ಬ್ಲಾಕ್ ಇದ್ದರೆ ಅದನ್ನೂ ಅದೇ ಲ್ಯಾಬಿನಲ್ಲಿ ಮಾಡಿಸಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಹಾಗಂತ ಇದರ ಹಿಂದೆಯೇ ಓಡಬೇಡಿ. ನಿಮ್ಮ ಪ್ರಶ್ನೆಯಲ್ಲಿ ರಕ್ತದ ಬಿಆರ್‌ಸಿಎ1, ಬಿಆರ್‌ಸಿಎ2 ಮ್ಯುಟೇಷನ್ ಪರೀಕ್ಷೆಯ ಮಾತೇ ಇಲ್ಲ. ನನ್ನ ಲೆಕ್ಕದಲ್ಲಿ ಅದು ಮೊದಲು, ಮೆಥೈಲೇಷನ್ ಆಮೇಲೆ. ಮ್ಯುಟೇಷನ್ ಇದ್ದವರಿಗೆ ಮೊದಲ ಕೀಮೋ ಮುಗಿದ ಮೇಲೆ ಒಲಾಪರಿಬ್ ಕೊಟ್ಟ ಸೋಲೋ1 ಟ್ರಯಲ್‌ನಲ್ಲಿ 7 ವರ್ಷಕ್ಕೆ ಬದುಕಿದ್ದವರು 67%, ಮಾತ್ರೆ ಇಲ್ಲದ ಗುಂಪಿನಲ್ಲಿ 46.5%. ಇಂಥ ಲಾಭವನ್ನು ಪರೀಕ್ಷೆ ಮಾಡಿಸದೆ ಕಳೆದುಕೊಳ್ಳಬಾರದು. ರಕ್ತದಲ್ಲಿ ಮ್ಯುಟೇಷನ್ ಸಿಕ್ಕರೆ ನಿಮಗೂ ನಿಮ್ಮ ಅಕ್ಕತಂಗಿ, ಅಣ್ಣತಮ್ಮಂದಿರಿಗೂ ತಲಾ 50% ಸಾಧ್ಯತೆ, ಗಂಡುಮಕ್ಕಳಿಗೂ ಅಷ್ಟೇ. ಗಡ್ಡೆಯ ಮೆಥೈಲೇಷನ್ ಸಾಮಾನ್ಯವಾಗಿ ಮ್ಯುಟೇಷನ್ನಿನ ಹಾಗೆ ಮಕ್ಕಳಿಗೆ ಇಳಿದು ಬರುವುದಿಲ್ಲ.

ಎರಡನೆಯದು ಎಚ್‌ಆರ್‌ಡಿ ಸ್ಕೋರ್, ಅಂದರೆ ಡಿಎನ್‌ಎ ರಿಪೇರಿ ಕೆಟ್ಟದ್ದರಿಂದ ಗಡ್ಡೆಯ ಕ್ರೋಮೋಸೋಮುಗಳಿಗೆ ಎಷ್ಟು ಹಾನಿ ಆಗಿದೆ ಎಂಬ ಅಳತೆ. ಹೆಚ್ಚು ಬಳಕೆಯಲ್ಲಿರುವ ಪರೀಕ್ಷೆಯಲ್ಲಿ 42 ಮತ್ತು ಮೇಲಿದ್ದರೆ ಪಾಸಿಟಿವ್. ಮ್ಯುಟೇಷನ್ ಇಲ್ಲದಿದ್ದರೂ ಸ್ಕೋರ್ ಪಾಸಿಟಿವ್ ಆದರೆ ಒಲಾಪರಿಬ್ ಜೊತೆ ಬೆವಾಸಿಜುಮ್ಯಾಬ್ (ಗಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಔಷಧ), ಇಲ್ಲವೇ ನಿರಾಪರಿಬ್ ಬಗ್ಗೆ ಡಾಕ್ಟರು ಯೋಚಿಸುತ್ತಾರೆ. ಮೆಥೈಲೇಷನ್ ಒಂದನ್ನೇ ನೋಡಿ ಈ ಮಾತ್ರೆ ಬರೆಯುವ ಪದ್ಧತಿ ಇಲ್ಲ. ಎಚ್‌ಆರ್‌ಡಿ ಅಳೆಯುವುದು ಹಳೆಯ ಗಾಯದ ಕಲೆಯನ್ನು. ರಿಪೇರಿ ಮತ್ತೆ ಶುರುವಾದರೂ ಕಲೆ ಹಾಗೇ ಉಳಿಯುತ್ತದೆ. ಮೆಥೈಲೇಷನ್ ಹೇಳುವುದು ಇವತ್ತು ಕೀಲಿ ಇದೆಯೋ ಇಲ್ಲವೋ ಎಂದು. ಕಾಯಿಲೆ ತಿರುಗಿ ಬಂದರೆ ಹಳೆಯ ಬ್ಲಾಕಿನ ಮೆಥೈಲೇಷನ್ ನಂಬದೆ ಹೊಸ ಬಯಾಪ್ಸಿ ಕೇಳಬೇಕಾದದ್ದು ಇದಕ್ಕೇ.

ಮುಂದೆ ಹೇಗಿರುತ್ತದೆ ಎಂದು ಇವತ್ತೇ ತಿಳಿಯಬೇಕಿದ್ದರೆ ಖರ್ಚಿಲ್ಲದ ಎರಡು ಸುಳಿವು ನಿಮ್ಮ ಫೈಲಿನಲ್ಲೇ ಇವೆ. ಆಪರೇಷನ್ ನೋಟ್ಸ್‌ನಲ್ಲಿ ಕಣ್ಣಿಗೆ ಕಾಣುವ ಗಡ್ಡೆ ಏನೂ ಉಳಿದಿಲ್ಲ ಎಂದು ಬರೆದಿದೆಯೇ? ಯಾವ ಮೆಥೈಲೇಷನ್ ಅಂಕಿಗಿಂತಲೂ ಇದರ ತೂಕ ಹೆಚ್ಚು. ಇನ್ನೊಂದು ಸಿಎ-125 ಎಂಬ ರಕ್ತ ಪರೀಕ್ಷೆ. ಕೀಮೋ ಶುರುವಾದ ಮೊದಲ 100 ದಿನಗಳ ಕನಿಷ್ಠ ಮೂರು ಅಂಕಿ, ತಾರೀಖು ಸಮೇತ ಇದ್ದರೆ ಕೆಲಿಮ್ ಎಂಬ ಲೆಕ್ಕ ಹಾಕಬಹುದು. 1 ಮತ್ತು ಮೇಲೆ ಬಂದರೆ ಕೀಮೋಗೆ ಗಡ್ಡೆ ಚೆನ್ನಾಗಿ ಸ್ಪಂದಿಸುತ್ತಿದೆ ಎಂದರ್ಥ. ಮೂರೂ ಅಂಕಿ ಒಂದೇ ಲ್ಯಾಬಿನವು ಆಗಿರಲಿ.

ಬಯಾಪ್ಸಿ ಬ್ಲಾಕ್ ಕಳಿಸುವುದಾದರೆ ಬಣ್ಣ ಹಾಕದ ಹತ್ತು ಸ್ಲೈಡ್ ಮತ್ತು ಬಣ್ಣ ಹಾಕಿದ ಒಂದು ಎಚ್ ಆಂಡ್ ಇ ಸ್ಲೈಡ್ ಸಾಕೇ ಎಂದು ಮೊದಲು ಕೇಳ್ರಿ, ಸಾಕಾದರೆ ಬ್ಲಾಕ್ ಕೈಬಿಡಬೇಡಿ. ಬ್ಲಾಕೇ ಬೇಕೆಂದರೆ ನಂಬರ್ ಬರೆಸಿಕೊಂಡು, ವಾಪಸ್ ಕೊಡುವ ಮಾತು ಬರಹದಲ್ಲಿ ತಗೊಳ್ಳಿ. ಆ ಮೇಣ ಕರಗುವುದು 56ರಿಂದ 60 ಡಿಗ್ರಿಗೆ, ಮೆತ್ತಗಾಗುವುದು ಅದಕ್ಕೂ ಮೊದಲೇ. ಏಪ್ರಿಲ್ ಬಿಸಿಲಿನಲ್ಲಿ ಬಾಗಲಕೋಟೆಯಿಂದ ಬೆಳಗಾವಿಗೆ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟುಕೊಂಡು ಬರಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಥರ್ಮೋಕೋಲ್ ಡಬ್ಬಿಯಲ್ಲಿ ಬಟ್ಟೆ ಸುತ್ತಿದ ಜೆಲ್ ಪ್ಯಾಕ್ ಜೊತೆ ತನ್ನಿ.