ದೂರಿನಲ್ಲಿ ಬೈಗುಳ ಬೇಡ, ತಾರೀಕು ಬೇಕು

ಓದುಗರೊಬ್ಬರು ನೊಂದು ಬರೆದಿದ್ದಾರೆ: "ಪಕ್ಕದವನು ಮನೆಗೆ ನುಗ್ಗಿ ಗಲಾಟೆ ಮಾಡಿದ. ಠಾಣೆಯಲ್ಲಿ ದೂರು ತೆಗೆದುಕೊಳ್ಳಲಿಲ್ಲ. ತನಿಖೆಗೆ ಆದೇಶ ಕೋರಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಿದರೆ ಅಲ್ಲೂ ವಜಾ. ಸಾಮಾನ್ಯರಿಗೆ ಬಾಗಿಲೇ ಇಲ್ಲವೆ?" ಜೊತೆಗೆ ಹದಿನಾಲ್ಕು ಪುಟದ ಅರ್ಜಿಯ ನಕಲು.

ಠಾಣೆಯ ಮೇಲಿನ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಆದರೆ ಸ್ವಾಮಿ, ಬಾಗಿಲಿತ್ತು. ನೀವು ಒಂದು ಮೆಟ್ಟಿಲು ಬಿಟ್ಟು ಹಾರಿದಿರಿ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಠಾಣೆ ನಿರಾಕರಿಸಿದರೆ ಮೊದಲು ಎಸ್‌ಪಿಗೆ ಬರಹದಲ್ಲಿ ದೂರು ಕಳಿಸಬೇಕು. ಆಮೇಲೆ ತನಿಖೆಗೆ ಆದೇಶ ಕೋರಿ ಮ್ಯಾಜಿಸ್ಟ್ರೇಟರಿಗೆ ಕಲಂ 175(3)ರ ಅರ್ಜಿ, ಅದಕ್ಕೊಂದು ಪ್ರಮಾಣಪತ್ರ (ಅಫಿಡವಿಟ್). ನಿಮ್ಮ ಕಡತದಲ್ಲಿ ಅಂಚೆ ರಸೀದಿಯೂ ಇಲ್ಲ, ಪ್ರಮಾಣಪತ್ರವೂ ಇಲ್ಲ.

ನನಗೆ ಹೆಚ್ಚು ಬೇಸರ ತಂದದ್ದು ಬರವಣಿಗೆ. 'ಧೂರ್ತ' ಎಂಬ ಪದ ಒಂಬತ್ತು ಸಲ ಬಂದಿದೆ. ನುಗ್ಗಿದ್ದು ಯಾವತ್ತು? ಹನ್ನೊಂದನೇ ಪುಟದಲ್ಲಿ "ಹಬ್ಬದ ಆಸುಪಾಸಿನಲ್ಲಿ" ಎಂದಿದೆ! ಮನೆಯ ಅತಿಕ್ರಮ ಪ್ರವೇಶಕ್ಕೆ ಗರಿಷ್ಠ ಒಂದು ವರ್ಷದ ಸಜೆ, ಹಾಗಾಗಿ ಕೋರ್ಟು ಅದನ್ನು ವಿಚಾರಣೆಗೆ ತೆಗೆದುಕೊಳ್ಳಲು ಕಾಲಮಿತಿಯೂ ಒಂದೇ ವರ್ಷ. ತಾರೀಕಿಲ್ಲದೆ ಅದನ್ನು ಎಣಿಸುವುದು ಹೇಗೆ? ಕೋರ್ಟು ತಾನೇ ಹೊರಿಸುವ ದೋಷಾರೋಪಣೆಯಲ್ಲಿ ಇರಬೇಕಾದದ್ದಾದರೂ ಏನು? ಅಪರಾಧದ ಹೆಸರು, ಕಲಂ, ಹೊತ್ತು, ಜಾಗ, ಯಾರ ಮೇಲೆ ಎಂಬುದು. ನಿಮ್ಮದು ಸಮನ್ಸ್ ಪ್ರಕರಣ, ಅಂದರೆ ಕಡಿಮೆ ಸಜೆಯ ಸಣ್ಣ ಪ್ರಕರಣ, ಅಲ್ಲಿ ಅಷ್ಟೂ ಬೇಡ. ಆರೋಪದ ಸಾರಾಂಶ ಓದಿ ಹೇಳಿ, ತಪ್ಪೊಪ್ಪುತ್ತೀರಾ ಎಂದು ಕೇಳಿದರೆ ಮುಗಿಯಿತು. ಹಳೆಯ ಅರ್ಜಿಗಳ ನಕಲು ಹೊಡೆದು ಕಕ್ಷಿದಾರರಿಂದ ಪುಟಗಟ್ಟಲೆ ಗೋಳು ಹೇಳಿಸುವ ಚಾಳಿಗೆ ಕಾನೂನು ಕಾರಣವಲ್ಲ. ಪತ್ರಿಕೆಗಳೂ ಕಮ್ಮಿಯಿಲ್ಲ: ಪೊಲೀಸರು ಚಾರ್ಜ್‌ಶೀಟ್ ಸಲ್ಲಿಸಿದ ದಿನವೇ 'ಆರೋಪ ಸಾಬೀತು' ಎಂದು ಬರೆಯುತ್ತವೆ, ಕೋರ್ಟು ಆರೋಪ ಹೊರಿಸುವುದೇ ಇನ್ನೂ ಬಾಕಿ ಇರುತ್ತದೆ.

175(3)ರ ಅರ್ಜಿ ಬಿದ್ದುಹೋದರೂ, ನೀವೇ ನೇರವಾಗಿ ಮ್ಯಾಜಿಸ್ಟ್ರೇಟರಿಗೆ ಕೊಡುವ ಖಾಸಗಿ ದೂರಿಗೆ ಅಡ್ಡಿಯಿಲ್ಲ. ಕಲಂ 223ರಡಿ ನಿಮ್ಮನ್ನೂ ಬಂದ ಸಾಕ್ಷಿಗಳನ್ನೂ ಪ್ರಮಾಣ ಮಾಡಿಸಿ ಹೇಳಿಕೆ ಬರೆದುಕೊಳ್ಳುತ್ತಾರೆ. ಆಮೇಲೆ ಆರೋಪಿಗೆ ನೋಟಿಸು, ಹೊಸ ಕಾನೂನಿನಲ್ಲಿ ಅವನ ಮಾತನ್ನೂ ಕೇಳಬೇಕು. ಹೇಳಿಕೆ ಮೊದಲು, ನೋಟಿಸು ನಂತರ ಎಂದು ಕರ್ನಾಟಕ ಹೈಕೋರ್ಟ್ 2024ರಲ್ಲಿ ಸ್ಪಷ್ಟಪಡಿಸಿದೆ. ಸಾಕ್ಷಿಗಳ ಪಟ್ಟಿ ಕೊಡದಿದ್ದರೆ ಸಮನ್ಸ್ ಹೊರಡದು. ಸಮನ್ಸ್ ಕಳಿಸಲು ಕೋರ್ಟಿಗೆ ಕಟ್ಟುವ ಪ್ರೊಸೆಸ್ ಫೀ ಕಟ್ಟದಿದ್ದರೆ ದೂರೇ ವಜಾ ಆಗಬಹುದು. ಎರಡು ಪುಟ ಸಾಕು, ಕನ್ನಡದಲ್ಲೇ ಬರೆಸಿ. ಮೊದಲ ಸಾಲಿನಲ್ಲಿ ತಾರೀಕು ಇರಲಿ. ವರ್ಷ ತುಂಬಲು ಎಷ್ಟು ದಿನ ಉಳಿದಿದೆ ಎಂದು ಇವತ್ತೇ ಕ್ಯಾಲೆಂಡರ್ ನೋಡಿ.