ಉತ್ತರದ ದಾರಿ, ಓದುಗರಿಗೆ ಉತ್ತರ

ಕೆನಡಾದ ಉತ್ತರ ತುದಿಯ ಕಡೆಗೆ ಹೋಗುವ ಜಲ್ಲಿ ರಸ್ತೆ, ಡೆಂಪ್‌ಸ್ಟರ್ ಹೆದ್ದಾರಿಯ ಬಗ್ಗೆ ಹೋದ ಸಂಚಿಕೆಯಲ್ಲಿ ಅರ್ಧ ಪುಟ ಬರೆದಿದ್ದೆ. ಅಷ್ಟಕ್ಕೇ ಒಂದು ಚೀಲ ಪ್ರಶ್ನೆ ಬಂದಿವೆ. ಹೊಸಬರಿಗಾಗಿ ನನ್ನ ಪರಿಚಯ: ಕೆನಡಾದ ಯೂಕಾನ್ ಟೆರಿಟರಿಯ ವೈಟ್‌ಹಾರ್ಸ್‌ನಲ್ಲಿ ಹದಿಮೂರು ವರ್ಷದಿಂದ ಇದ್ದೇನೆ. ಒಂದು ಟೈರ್ ಅಂಗಡಿಯ ಕೌಂಟರಿನಲ್ಲಿ ಕೆಲಸ. ಡೆಂಪ್‌ಸ್ಟರ್‌ನಲ್ಲಿ ಐದು ಸಲ ಹೋಗಿಬಂದಿದ್ದೇನೆ. ಐದು ಸಲವೂ ಸ್ಟೇರಿಂಗ್ ನನ್ನ ಕೈಯಲ್ಲಿ, ನಕ್ಷೆ ಮತ್ತು ಗೊಣಗಾಟ ನಮ್ಮವರ ಕೈಯಲ್ಲಿ.

ಪ್ರಶ್ನೆ: ಜುಲೈನಲ್ಲಿ ನಾವಿಬ್ಬರು, ಇಬ್ಬರು ಮಕ್ಕಳು, ವೈಟ್‌ಹಾರ್ಸ್‌ನಲ್ಲಿ ಬಾಡಿಗೆ ಕಾರು ಹಿಡಿದು ಟಕ್ಟೊಯಾಕ್ಟಕ್‌ವರೆಗೆ ಹೋಗಿ, ಆರ್ಕ್ಟಿಕ್ ಸಾಗರದಲ್ಲಿ ಕಾಲು ಅದ್ದಿ ಬರಬೇಕು ಅಂತಿದ್ದೇವೆ. ನಾಲ್ಕು ದಿನ ರಜೆ ಇದೆ. ಸಾಕಲ್ವಾ? (ಕ್ಯಾಲ್ಗರಿಯ ಓದುಗರು)

ಉತ್ತರ: ಸಾಲದು. ಎಂಟು ದಿನ ಇಟ್ಟುಕೊಳ್ಳಿ. ಇಲ್ಲದಿದ್ದರೆ ಡೆಂಪ್‌ಸ್ಟರ್‌ನ ಆರಂಭದ ಭಾಗದಲ್ಲೇ ಸಿಗುವ ಟೂಂಬ್‌ಸ್ಟೋನ್ ಪಾರ್ಕಿನವರೆಗೆ ಹೋಗಿ ಡೇರೆ ಹಾಕಿ, ಮಕ್ಕಳಿಗೆ ಬೆಟ್ಟ ತೋರಿಸಿ ಖುಷಿಯಾಗಿ ವಾಪಸ್ ಬನ್ನಿ. ಅದೂ ಸಣ್ಣ ಪ್ರವಾಸವೇನಲ್ಲ.

ಲೆಕ್ಕ ನೋಡಿ. ವೈಟ್‌ಹಾರ್ಸ್‌ನಿಂದ ಡಾಸನ್ ಸಿಟಿಗೆ ಹೋಗುವ ಕ್ಲಾಂಡೈಕ್ ಹೆದ್ದಾರಿಯಲ್ಲಿ, ಡಾಸನ್ ಇನ್ನೂ 40 ಕಿ.ಮೀ. ಇದೆ ಅನ್ನುವಾಗ ಡೆಂಪ್‌ಸ್ಟರ್ ಕವಲೊಡೆಯುತ್ತದೆ. ಅಲ್ಲಿಯವರೆಗೆ ಸುಮಾರು 500 ಕಿ.ಮೀ. ಅಲ್ಲಿಂದ ಇನುವಿಕ್ ಊರಿಗೆ ಸುಮಾರು 740, ಇನುವಿಕ್‌ನಿಂದ ಟಕ್‌ಗೆ (ಟಕ್ಟೊಯಾಕ್ಟಕ್‌ಗೆ ಇಲ್ಲಿಯವರ ಅಡ್ಡಹೆಸರು) ಸುಮಾರು 140. ಹೋಗಿಬರುವುದು ಸೇರಿದರೆ 2,760 ಆಗುತ್ತದೆ. ಅದರಲ್ಲಿ ಹೆಚ್ಚುಕಮ್ಮಿ 1,750 ಕಿ.ಮೀ. ಜಲ್ಲಿ ರಸ್ತೆ. ಅಲ್ಲಿ ಗಂಟೆಗೆ 70ರಲ್ಲಿ ಹೋದರೆ ಅದೇ ಜೋರು.

ಬಾಡಿಗೆ ಕಾರಿನ ಕರಾರುಪತ್ರ ಓದಿದ್ದೀರಾ? ಬಹಳಷ್ಟು ಕಂಪನಿಗಳು ಜಲ್ಲಿ ರಸ್ತೆಗೆ ಇಳಿಯಬಾರದು ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತವೆ. ಇಳಿದರೆ ವಿಮೆ ಸಿಗದು. ಡೆಂಪ್‌ಸ್ಟರ್‌ಗೆ ಅಂತಲೇ ಗಟ್ಟಿ ಟೈರ್ ಹಾಕಿ ಬಾಡಿಗೆಗೆ ಕೊಡುವ ಪಿಕಪ್‌ಗಳಿವೆ. ಬೆಲೆ ಜಾಸ್ತಿ. ಆದರೂ ಅದನ್ನೇ ಕೇಳಿ.

ಈಗ ನನ್ನ ಮಾನ ಹೋದ ಕಥೆ. ಮೊದಲ ಸಲ ನಮ್ಮ ಹಳೆಯ ಸಣ್ಣ ಕಾರಿನಲ್ಲೇ ಹೊರಟೆವು. ಆ ರಸ್ತೆಯ ಕೆಲವು ಕಡೆ ಜಲ್ಲಿ ಅಂದರೆ ಉರುಟು ಕಲ್ಲಲ್ಲ, ಪದರ ಪದರವಾಗಿ ಒಡೆಯುವ ಶೇಲ್ ಕಲ್ಲು. ಅದರ ಅಂಚು ಚಾಕು ಇದ್ದ ಹಾಗೆ. ಎಂಜಿನಿಯರ್ ಕ್ರೀಕ್ ದಾಟಿ ಒಗಿಲ್ವಿ ನದಿಯ ಪಕ್ಕದಿಂದ ಗುಡ್ಡದ ನೆತ್ತಿಗೆ ಹತ್ತಿದ್ದೆವು, ಹಿಂದಿನ ಎಡ ಟೈರ್ ಉಸ್ಸೆಂದಿತು. ಸ್ಟೆಪ್ನಿ ಹಾಕಿದೆ. ಅದೋ, ಸಣ್ಣ ಕಾರುಗಳಲ್ಲಿ ಬರುವ ಆ ತೆಳು ಸ್ಟೆಪ್ನಿ, ಮಕ್ಕಳ ಸೈಕಲ್ ಚಕ್ರದ ಅಣ್ಣನಂತಿತ್ತು. ಮೂವತ್ತು ಕಿಲೋಮೀಟರ್ ಹೋಗಲಿಲ್ಲ, ಮುಂದಿನ ಬಲ ಟೈರೂ ಹೋಯಿತು. ಟೈರ್ ಅಂಗಡಿಯವಳು ಎರಡು ಚಪ್ಪಟೆ ಟೈರಿನ ನಡುವೆ ನಿಂತಿದ್ದೇನೆ. ಫೋನಿಗೆ ಸಿಗ್ನಲ್ ಇಲ್ಲ. ಡೆಂಪ್‌ಸ್ಟರ್ ಹಿಡಿದ ಮೇಲೆ, ಪೀಲ್ ನದಿಯಾಚೆಯ ಫೋರ್ಟ್ ಮ್ಯಾಕ್‌ಫರ್ಸನ್ ಊರು ಬರುವವರೆಗೆ ಅದರ ಆಸೆಯನ್ನೇ ಬಿಡಬೇಕು. ನಮ್ಮವರು ‘ನಿಮ್ಮ ಅಂಗಡಿಗೆ ಫೋನ್ ಮಾಡು’ ಅಂದರು. ನಾನು ಮಾತಾಡಲಿಲ್ಲ.

ಎರಡೂವರೆ ಗಂಟೆ ಕಳೆದ ಮೇಲೆ ಒಂದು ಪಿಕಪ್ ಬಂತು. ನಾವು ಕೈ ತೋರಿಸುವ ಮುಂಚೆಯೇ ನಿಂತಿತು. ಆ ರಸ್ತೆಯ ರೂಢಿ ಅದು, ನಿಂತ ಗಾಡಿ ಕಂಡರೆ ಕೇಳದೆ ಮುಂದೆ ಹೋಗುವುದಿಲ್ಲ. ಇಳಿದವರು ಒಬ್ಬ ವಯಸ್ಸಾದ ಹೆಂಗಸು, ಅಲ್ಲಿನ ಮೂಲನಿವಾಸಿಗಳಾದ ಗ್ವಿಚಿನ್ ಜನಾಂಗದವರು. ಹಿಂದಿನಿಂದ ಕಂಪ್ರೆಸರ್ ತೆಗೆದು, ತೂತಿಗೆ ರಬ್ಬರ್ ಬತ್ತಿ ತುರುಕಿ, ಹತ್ತು ನಿಮಿಷದಲ್ಲಿ ಗಾಳಿ ತುಂಬಿದರು. ‘ಎಲ್ಲಿ ಕೆಲಸ ಮಾಡ್ತೀಯಾ?’ ಅಂತ ಕೇಳಿದರು. ಅಡುಗೆ ಕೆಲಸ ಅಂತ ಸುಳ್ಳು ಹೇಳಿದೆ.

ಆಮೇಲಿಂದ ಹೊರಡುವಾಗ ಹತ್ತು ಪದರದ ಲೈಟ್ ಟ್ರಕ್ ಟೈರು, ಪೂರ್ಣ ಗಾತ್ರದ ಎರಡು ಸ್ಟೆಪ್ನಿ, ಪಂಕ್ಚರ್ ಬತ್ತಿ, ಬ್ಯಾಟರಿಗೆ ಸಿಕ್ಕಿಸುವ ಕಂಪ್ರೆಸರ್, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಇವೆಲ್ಲ ಇರುತ್ತವೆ. ಪೆಟ್ರೋಲು ಪೂರ್ತಿ ತುಂಬಿಸಿ. ಕವಲಿನಿಂದ 369 ಕಿ.ಮೀ. ದೂರದ ಈಗಲ್ ಪ್ಲೇನ್ಸ್ ಬರುವವರೆಗೆ ದಾರಿಯಲ್ಲಿ ಬಂಕ್ ಇಲ್ಲ.

ಇದೆಲ್ಲ ಸಾಮಾನು. ಜನ ಮರೆಯುವುದು ಇನ್ನೊಂದನ್ನು, ಸ್ಟೆಪ್ನಿ ದಿನ. ನಮ್ಮ ಮೂರನೇ ಪ್ರವಾಸದಲ್ಲಿ ಟೈರ್‌ಗೆ ಒಂದು ಗೀರೂ ಬೀಳಲಿಲ್ಲ. ಆದರೆ ಮಳೆ ಬಿದ್ದು ಪೀಲ್ ನದಿ ಏರಿತು. ಇಡೀ ಇಡೀ ಮರದ ದಿಮ್ಮಿಗಳು ತೇಲಿ ಬಂದವು, ಫೆರಿ ನಿಂತಿತು. ಡೆಂಪ್‌ಸ್ಟರ್‌ನಲ್ಲಿ ಎರಡು ನದಿಗೆ ಸೇತುವೆ ಇಲ್ಲ, ಪೀಲ್ ಮತ್ತು ಮೆಕೆಂಜಿ. ಬೇಸಿಗೆಯಲ್ಲಿ ಫೆರಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೇ ರಸ್ತೆ. ಹಿಮ ಕಟ್ಟುವ ಮತ್ತು ಒಡೆಯುವ ವಾರಗಳಲ್ಲಿ ಎರಡೂ ಇಲ್ಲ. ಈಗಲ್ ಪ್ಲೇನ್ಸ್‌ನ ಹೋಟೆಲ್ ತುಂಬಿಹೋಗಿತ್ತು, ಅಂಗಳದಲ್ಲಿ ಕಾರಿನಲ್ಲೇ ಎರಡು ರಾತ್ರಿ ಕಳೆದೆವು. ರಾತ್ರಿ ಅಂತ ಅಭ್ಯಾಸಬಲದಿಂದ ಹೇಳುತ್ತಿದ್ದೇನೆ, ಬಿಸಿಲಿತ್ತು. ಇನುವಿಕ್‌ನಲ್ಲಿ ಬೇಸಿಗೆಯ ಐವತ್ತಕ್ಕೂ ಹೆಚ್ಚು ದಿನ ಸೂರ್ಯ ಮುಳುಗುವುದೇ ಇಲ್ಲ. ನಮ್ಮ ಪಕ್ಕದ ಕಾರಿನವರಿಗೆ ಮರುದಿನ ವಿಮಾನವಿತ್ತು. ಅವರು ಗಂಟೆಗೊಂದು ಸಲ ಹೋಗಿ ಕೌಂಟರಿನ ಹುಡುಗನನ್ನು ಕೇಳುತ್ತಿದ್ದರು. ಆ ಹುಡುಗ ತಾನೇ ಏನು ಮಾಡ್ತಾನೆ, ನದಿಗೆ ಹೇಳೋಕಾಗುತ್ತಾ?

ನಾಲ್ಕು ದಿನದಲ್ಲಿ ಹೊರಟವರು ಆ ಪಕ್ಕದ ಕಾರಿನವರಾಗುತ್ತಾರೆ.

ಪ್ರಶ್ನೆ: ಡೆಂಪ್‌ಸ್ಟರ್ ತೆರೆದಿದ್ದು 1979ರಲ್ಲಿ ಅಂತ ಬರೆದಿದ್ದಿರಿ. ಇಷ್ಟು ವರ್ಷ ಆದರೂ ಡಾಂಬರು ಹಾಕದೆ ಬಿಟ್ಟಿರೋದು ಸೋಮಾರಿತನ ಅಲ್ವಾ? (ಬ್ರ್ಯಾಂಪ್ಟನ್ನಿನ ಓದುಗರು)

ಉತ್ತರ: ಕೆಳಗಿನ ನೆಲ ಒಪ್ಪಬೇಕಲ್ಲ. ಅದು ವರ್ಷವಿಡೀ ಹೆಪ್ಪುಗಟ್ಟಿಯೇ ಇರುವ ನೆಲ, ಪರ್ಮಾಫ್ರಾಸ್ಟ್. ಒಳಗೆ ಮಂಜುಗಡ್ಡೆ ಸೇರಿಕೊಂಡಿರುತ್ತದೆ. ಗಟ್ಟಿಯಿರುವಷ್ಟು ದಿನ ಬಂಡೆ, ಕರಗಿದರೆ ಅಂಬಲಿ. ಅದಕ್ಕೇ ಎತ್ತರಕ್ಕೆ, ಕೆಲವು ಕಡೆ ಎರಡು ಮೀಟರಿಗಿಂತ ಹೆಚ್ಚು, ಜಲ್ಲಿ ಸುರಿದು ಅದರ ಮೇಲೆ ರಸ್ತೆ ಮಾಡಿದ್ದಾರೆ. ಆ ಜಲ್ಲಿ ನೆಲಕ್ಕೆ ಹೊದಿಸಿದ ಕಂಬಳಿ. ಮೇಲಿನ ಬಿಸಿ ಕೆಳಕ್ಕೆ ಹೋಗಬಾರದು. ಕಪ್ಪು ಡಾಂಬರು ಬಿಸಿಲು ಹೀರುತ್ತದೆ, ನೆಲ ಕುಸಿದ ಮೇಲೆ ಅದನ್ನು ಕಿತ್ತು ಸರಿಮಾಡುವುದು ಕಷ್ಟ. ಜಲ್ಲಿಯಾದರೆ ಗ್ರೇಡರ್ ಓಡಿಸಿ ಮಟ್ಟ ಮಾಡಬಹುದು. ಅನುಮಾನವಿದ್ದರೆ ಅಲಾಸ್ಕಾ ಹೆದ್ದಾರಿಯಲ್ಲಿ ಕ್ಲುವಾನಿ ಸರೋವರ ದಾಟಿ ಬೀವರ್ ಕ್ರೀಕ್ ಕಡೆ ಹೋಗಿ ನೋಡಿ. ಅಲೆ ಅಲೆಯಾಗಿ ಎದ್ದಿರುವ ರಸ್ತೆಯಲ್ಲಿ ನಮ್ಮವರ ತಲೆ ಕಾರಿನ ಸೂರಿಗೆ ಬಡಿದಿತ್ತು.

ಇನುವಿಕ್‌ನಲ್ಲೂ ಇದೇ ಕಾರಣಕ್ಕೆ ಕಟ್ಟಡಗಳು ಕಂಬಗಳ ಮೇಲೆ ನಿಂತಿವೆ, ನೀರಿನ ಮತ್ತು ಚರಂಡಿಯ ಕೊಳವೆ ನೆಲದ ಮೇಲೇ ಓಡುತ್ತವೆ. ಅಲ್ಲಿಂದ ಟಕ್‌ಗೆ 2017ರ ನವೆಂಬರಿನಲ್ಲಿ ತೆರೆದ ಹೊಸ ರಸ್ತೆಯನ್ನೂ ಹೆಚ್ಚಾಗಿ ಚಳಿಗಾಲದಲ್ಲೇ ಕಟ್ಟಿದರು, ನೆಲ ಗಟ್ಟಿಯಿರುವಾಗ.

ಒಂದು ಎಚ್ಚರಿಕೆ. ಧೂಳು ಏಳದಿರಲಿ ಅಂತ ರಸ್ತೆಗೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕುತ್ತಾರೆ. ಮಳೆ ಬಂದರೆ ಅದೇ ಬೆಣ್ಣೆ ಸವರಿದಂತೆ ಜಾರುತ್ತದೆ. ಕೆಸರು ಚಕ್ರದ ಒಳಬದಿಗೆ ಮೆತ್ತಿ ಒಣಗಿದರೆ ಸಿಮೆಂಟು. ಒಮ್ಮೆ ವಾಪಸ್ ಬಂದು ಡಾಂಬರು ರಸ್ತೆ ಸೇರಿ 90ಕ್ಕೆ ಏರಿಸಿದ ಕೂಡಲೇ ಕಾರು ಗಡಗಡ ನಡುಗತೊಡಗಿತು. ಆಕ್ಸೆಲ್ಲೇ ಮುರಿಯಿತು ಅಂತ ತಿಳಿದು, ಡಾಸನ್‌ವರೆಗೆ ತೆವಳಿಕೊಂಡು ಹೋಗಿ ಗ್ಯಾರೇಜಿನಲ್ಲಿ ನಿಲ್ಲಿಸಿದೆ. ಮೆಕ್ಯಾನಿಕ್ ಬಗ್ಗಿಯೂ ನೋಡಲಿಲ್ಲ. ಪೈಪ್ ತಂದು ನಾಲ್ಕು ಚಕ್ರದ ಒಳಗೆ ನೀರು ಬಿಟ್ಟ. ಬಕೆಟ್‌ಗಟ್ಟಲೆ ಮಣ್ಣು ಬಿತ್ತು. ನಡುಕ ಮಾಯ. ದುಡ್ಡೂ ತಗೊಳ್ಳಲಿಲ್ಲ.

ಪ್ರಶ್ನೆ: ಕರಡಿ ಅಡ್ಡ ಬಂದರೆ? (ಹೆಸರು ಬರೆದಿಲ್ಲ)

ಉತ್ತರ: ಕಾರಿನಲ್ಲೇ ಕೂತಿರಿ. ಅದು ಹೋಗುತ್ತದೆ. ಐದು ಪ್ರವಾಸದಲ್ಲಿ ಕರಡಿ ನನಗೆ ಏನೂ ಮಾಡಿಲ್ಲ, ಸೊಳ್ಳೆ ಮಾಡಿದ್ದನ್ನು ಹೇಳತೀರದು. ಕರಡಿಗಿಂತ ಎದುರಿಗೆ ಬರುವ ಲಾರಿಗೆ ಹೆದರಿ. ಅದು ಸಿಡಿಸುವ ಕಲ್ಲಿಗೆ ಮುಂದಿನ ಗಾಜು ಹೋಗುತ್ತದೆ. ಲಾರಿ ಕಂಡರೆ ವೇಗ ಇಳಿಸಿ ಬಲಕ್ಕೆ ಸರಿಯಿರಿ, ಆದರೆ ತೀರಾ ಅಂಚಿಗಲ್ಲ. ಅಂಚು ಮೆತ್ತಗಿರುತ್ತದೆ, ಚಕ್ರ ಇಳಿದರೆ ಕಾರೂ ಅದರ ಹಿಂದೆಯೇ ಇಳಿಯುತ್ತದೆ.

ಪ್ರಶ್ನೆ: ಡಿಸೆಂಬರಿನಲ್ಲಿ ಧ್ರುವಪ್ರಭೆ ನೋಡಲು ಡೆಂಪ್‌ಸ್ಟರ್‌ನಲ್ಲಿ ಕಾರು ಓಡಿಸಬಹುದೇ? ಮೈನಸ್ 40 ಅಂದರೆ ನಿಜಕ್ಕೂ ಹೇಗಿರುತ್ತದೆ? (ಸರ್ರೆಯ ಓದುಗರು)

ಉತ್ತರ: ಧ್ರುವಪ್ರಭೆಗೆ ಅಷ್ಟು ದೂರ ಯಾಕೆ? ವೈಟ್‌ಹಾರ್ಸ್‌ನಿಂದ ಇಪ್ಪತ್ತು ನಿಮಿಷ ಹೊರಗೆ ಬಂದು, ದೀಪ ಆರಿಸಿ ನಿಂತರೆ ಸಾಕು. ಆಕಾಶಕ್ಕೆ ಮನಸ್ಸಿದ್ದರೆ ಕಾಣುತ್ತದೆ. ಚಳಿಗಾಲದಲ್ಲಿ ರಿಚರ್ಡ್‌ಸನ್ ಬೆಟ್ಟಗಳ ಹತ್ತಿರ ಗಾಳಿ ಎಷ್ಟು ಜೋರೆಂದರೆ ಆ ತುಂಡಿಗೆ ಲಾರಿಯವರೇ ಹರಿಕೇನ್ ಆ್ಯಲಿ ಅಂತ ಹೆಸರಿಟ್ಟಿದ್ದಾರೆ. ಹಿಮ ಬೀಸಿದರೆ ಗೇಟು ಹಾಕುತ್ತಾರೆ.

ಮೈನಸ್ 40ರಲ್ಲಿ ಸೆಲ್ಸಿಯಸ್ಸೂ ಫ್ಯಾರನ್‌ಹೀಟೂ ಒಂದೇ ಅಂಕಿ, ಅಲ್ಲಿ ಜಗಳವಿಲ್ಲ. ಮೂಗಿನ ಒಳಗಿನ ಕೂದಲು ಮುಳ್ಳಾಗುತ್ತದೆ. ರಾತ್ರಿಯಿಡೀ ನಿಂತ ಟೈರ್ ನೆಲಕ್ಕೆ ತಾಗಿದಲ್ಲಿ ಚಪ್ಪಟೆಯಾಗಿ, ಬೆಳಿಗ್ಗೆ ಮೊದಲ ಕೆಲವು ನಿಮಿಷ ಚೌಕದ ಚಕ್ರದ ಎತ್ತಿನ ಗಾಡಿಯಲ್ಲಿ ಕೂತಂತಿರುತ್ತದೆ. ಎಂಜಿನ್ನಿಗೆ ಬ್ಲಾಕ್ ಹೀಟರ್ ಇರುತ್ತದೆ, ಅದರ ವೈರನ್ನು ರಾತ್ರಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಬೇಕು. ಕಾರಿನ ಮೂತಿಯಿಂದ ಪ್ಲಗ್ಗು ನೇತಾಡುವುದು ಕಂಡು ಹೊಸಬರು ಎಲೆಕ್ಟ್ರಿಕ್ ಕಾರಾ ಅಂತ ಕೇಳುತ್ತಾರೆ. ಮೊದಲ ಚಳಿಗಾಲದಲ್ಲಿ ನಾನು ವೈರ್ ಕೀಳದೆ ಹೊರಟುಬಿಟ್ಟೆ. ಪಕ್ಕದ ಮನೆಯವರ ಎಕ್ಸ್‌ಟೆನ್ಶನ್ ವೈರು ಹಿಮದ ಮೇಲೆ ಹಾವಿನಂತೆ ನನ್ನ ಹಿಂದೆ ಅಂಗಡಿಯವರೆಗೂ ಬಂದಿತ್ತು. ಹೊಸದು ತಂದುಕೊಟ್ಟೆ. ಈಗಲೂ ನಾನು ಕಾರು ಹತ್ತಿದರೆ ಅವರು ಕಿಟಕಿಯಲ್ಲಿ ನಿಂತು ನೋಡುತ್ತಾರೆ.

ನನ್ನನ್ನು ಕೇಳಿದರೆ, ಡೆಂಪ್‌ಸ್ಟರ್‌ಗೆ ಸೆಪ್ಟೆಂಬರ್ ಮೊದಲ ವಾರ ಬನ್ನಿ. ಟಂಡ್ರಾ ಕುಂಕುಮ ಚೆಲ್ಲಿದ ಹಾಗೆ ಕೆಂಪಾಗಿರುತ್ತದೆ. ಸೊಳ್ಳೆ ಮುಗಿದಿರುತ್ತದೆ, ಫೆರಿ ಇನ್ನೂ ಓಡುತ್ತಿರುತ್ತದೆ. ಧ್ರುವಪ್ರಭೆ ಕಾಣುವಷ್ಟು ಕತ್ತಲೂ ಇರುತ್ತದೆ.

ಪ್ರಶ್ನೆ: ಡಾಸನ್‌ನಿಂದ ಅಲಾಸ್ಕಾಕ್ಕೆ ಟಾಪ್ ಆಫ್ ದಿ ವರ್ಲ್ಡ್ ಹೆದ್ದಾರಿಯಲ್ಲಿ ಹೋಗಲು ಏನು ಗೊತ್ತಿರಬೇಕು? (ವಿನಿಪೆಗ್‌ನ ಓದುಗರು)

ಉತ್ತರ: ಗಡಿಯಾರ. ಬೇಸಿಗೆಯಲ್ಲಿ ಯೂಕಾನ್ ಸಮಯ ಅಲಾಸ್ಕಾಕ್ಕಿಂತ ಒಂದು ಗಂಟೆ ಮುಂದೆ. ಅಲ್ಲಿನ ಗಡಿ ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ ತೆರೆಯುತ್ತದೆ, ರಾತ್ರಿ ಮುಚ್ಚುತ್ತದೆ. ಅಲಾಸ್ಕಾದಿಂದ ವಾಪಸ್ ಬರುವಾಗ ಐವತ್ತು ನಿಮಿಷ ಮುಂಚೆಯೇ ಬಂದೆವು ಅಂತ ಬೀಗುತ್ತಾ ಬಂದರೆ ಹತ್ತು ನಿಮಿಷ ತಡವಾಗಿತ್ತು, ಗೇಟಿಗೆ ಬೀಗ. ಬಂದ ದಾರಿಯಲ್ಲೇ ಚಿಕನ್ ಅನ್ನೋ ಊರಿಗೆ ಹಿಂತಿರುಗಿ ಕಾರಿನಲ್ಲಿ ಮಲಗಿದೆವು. ಹೌದು, ಊರಿನ ಹೆಸರೇ ಚಿಕನ್. ಟಾರ್ಮಿಗನ್ ಅನ್ನೋ ಹಕ್ಕಿಯ ಹೆಸರಿಡಲು ಹೋಗಿ, ಅದರ ಸ್ಪೆಲ್ಲಿಂಗ್ ಬಾರದೆ ಹೀಗಾಯಿತು ಅಂತ ಅಲ್ಲಿಯ ಜನ ಹೇಳುತ್ತಾರೆ.

ಪ್ರಶ್ನೆ: ಈ ಡೆಂಪ್‌ಸ್ಟರ್ ಯಾರು? ರಸ್ತೆ ಕಟ್ಟಿಸಿದವರಾ? (ಎಡ್ಮಂಟನ್ನಿನ ಓದುಗರು)

ಉತ್ತರ: ಅಲ್ಲ. ಪೊಲೀಸ್ ಅಧಿಕಾರಿ. ಆಗ ರಸ್ತೆಯೇ ಇರಲಿಲ್ಲ. ಡಾಸನ್ ಮತ್ತು ಫೋರ್ಟ್ ಮ್ಯಾಕ್‌ಫರ್ಸನ್ ನಡುವೆ ಚಳಿಗಾಲದಲ್ಲಿ ಪೊಲೀಸರು ನಾಯಿ ಬಂಡಿ ಕಟ್ಟಿಕೊಂಡು ಟಪಾಲು ಒಯ್ಯುತ್ತಿದ್ದರು. 1910ರ ಡಿಸೆಂಬರಿನಲ್ಲಿ ಇನ್‌ಸ್ಪೆಕ್ಟರ್ ಫಿಟ್ಜ್‌ಜೆರಾಲ್ಡ್ ಮೂವರನ್ನು ಕರೆದುಕೊಂಡು ಮ್ಯಾಕ್‌ಫರ್ಸನ್‌ನಿಂದ ಹೊರಟರು. ಬೇಗ ತಲುಪುವ ಹಠ, ಅದಕ್ಕೆ ಬಂಡಿಯ ಭಾರ ಇಳಿಸಿ ಊಟವನ್ನೂ ಕಡಿಮೆ ಹೇರಿದರು. ದಾರಿ ತೋರಿಸಲು ಒಬ್ಬ ಗ್ವಿಚಿನ್ ವ್ಯಕ್ತಿ ಕೆಲವು ದಿನ ಜೊತೆಗಿದ್ದರು, ಅವರನ್ನೂ ವಾಪಸ್ ಕಳಿಸಿದರು. ಉಳಿದ ದಾರಿಗಾರ ಕಾರ್ಟರ್ ಆ ಹಾದಿಯಲ್ಲಿ ಹಿಂದೆ ಒಂದೇ ಸಲ ಬಂದಿದ್ದವನು, ಅದೂ ಎದುರು ದಿಕ್ಕಿನಿಂದ. ತಿರುಗಬೇಕಾದ ಹೊಳೆ ಸಿಗಲೇ ಇಲ್ಲ. ದಿನಗಟ್ಟಲೆ ಹುಡುಕಿ, ಊಟ ಮುಗಿದು, ನಾಯಿಗಳನ್ನೇ ಕೊಂದು ತಿನ್ನುತ್ತಾ ಹಿಂದಕ್ಕೆ ನಡೆದರು. ಅವರನ್ನು ಹುಡುಕಲು 1911ರ ಫೆಬ್ರುವರಿ ಕೊನೆಗೆ ಡಾಸನ್‌ನಿಂದ ಹೊರಟವರೇ ಡೆಂಪ್‌ಸ್ಟರ್. ಮಾರ್ಚಿನಲ್ಲಿ ನಾಲ್ವರ ಶವವೂ ಸಿಕ್ಕಿತು, ಮ್ಯಾಕ್‌ಫರ್ಸನ್ ಇನ್ನು ಕೆಲವೇ ದಿನದ ನಡಿಗೆ ಅನ್ನುವಷ್ಟು ಹತ್ತಿರದಲ್ಲಿ.

ನಾಲ್ವರ ಸಮಾಧಿಯೂ ಫೋರ್ಟ್ ಮ್ಯಾಕ್‌ಫರ್ಸನ್‌ನ ಚರ್ಚ್ ಪಕ್ಕ ಇದೆ. ಆ ಎರಡು ರಾತ್ರಿ ಕಾರಿನಲ್ಲಿ ಕಾದು, ಕೊನೆಗೂ ಫೆರಿ ದಾಟಿದ ದಿನ ಅಲ್ಲಿ ನಿಂತಿದ್ದೆವು. ನಮ್ಮವರು ಎರಡು ದಿನದಿಂದ ‘ರಜೆಯೆಲ್ಲ ಹಾಳು’ ಅಂತ ಗೊಣಗುತ್ತಲೇ ಇದ್ದರು. ಸಮಾಧಿಯ ಮುಂದೆ ಸ್ವಲ್ಪ ಹೊತ್ತು ಸುಮ್ನೆ ನಿಂತರು. ಆಮೇಲೆ ಕಾರಿನ ಡಿಕ್ಕಿ ತೆಗೆದು ಬಿಸ್ಕತ್ತಿನ ಪೊಟ್ಟಣ ಎಣಿಸಿದರು. ಒಂಬತ್ತಿದ್ದವು. ‘ಇನ್ನೂ ನಾಲ್ಕು ತಗೊಳ್ಳೋಣ’ ಅಂತ ಅವರೇ ಅಂಗಡಿ ಕಡೆ ಹೊರಟರು.