ಸೀಸವಿಲ್ಲದ ಬೆಸುಗೆ ಬಾಳಿಕೆ ಬರುತ್ತದೆಯೇ?

ಪ್ರಶ್ನೆ: ಇಪ್ಪತ್ತೆರಡು ವರ್ಷಗಳಿಂದ ಟಿವಿ, ಸ್ಟೆಬಿಲೈಸರ್, ಇನ್ವರ್ಟರ್ ರಿಪೇರಿ ಮಾಡುತ್ತಿದ್ದೇನೆ. ಹಳೆಯ ಸೆಟ್ಟುಗಳ ಬೆಸುಗೆ ಇಂದಿಗೂ ಹೊಳೆಯುತ್ತದೆ. ಈಚಿನ ಬೋರ್ಡುಗಳಲ್ಲಿ ಅದು ಮಂಕಾಗಿ, ತರಿತರಿಯಾಗಿ ಕಾಣುತ್ತದೆ. ಮೂರು ವರ್ಷ ತುಂಬುವ ಮೊದಲೇ ಬೋರ್ಡು ಅಂಗಡಿಗೆ ಬರುತ್ತದೆ. ಸೀಸ ತೆಗೆದದ್ದೇ ಇದಕ್ಕೆ ಕಾರಣವೆಂದು ನಮ್ಮ ಕಸುಬಿನವರು ಹೇಳುತ್ತಾರೆ. ಇದು ನಿಜವೇ? ರಿಪೇರಿಗೆ ಸೀಸ ಬೆರೆತ ಹಳೆಯ ಬೆಸುಗೆ ತಂತಿಯನ್ನೇ ಬಳಸಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮಂಕಾಗಿ ಕಾಣುವುದು ದೋಷವಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ಮಂಕನ್ನು ‘ಡ್ರೈ ಸೋಲ್ಡರ್’ (ಸರಿಯಾಗಿ ಅಂಟದ ಬೆಸುಗೆ) ಎಂದು ಭಾವಿಸಿ, ಚೆನ್ನಾಗಿರುವ ಜೋಡಣೆಯನ್ನೇ ಮತ್ತೆ ಮತ್ತೆ ಕಾಯಿಸಿ ಕೆಡಿಸುವುದುಂಟು. ಹಳೆಯ ಬೆಸುಗೆಯಲ್ಲಿ ಶೇ. 63 ತವರ, ಶೇ. 37 ಸೀಸ ಇರುತ್ತಿತ್ತು. ಅದು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆಗೇ ಕರಗಿ ಒಮ್ಮೆಗೇ ಗಟ್ಟಿಯಾಗುತ್ತಿದ್ದುದರಿಂದ ಮೇಲ್ಮೈ ನುಣುಪಾಗಿರುತ್ತಿತ್ತು. ಈಗ ಹೆಚ್ಚು ಬಳಕೆಯಲ್ಲಿರುವ ಮಿಶ್ರಲೋಹದಲ್ಲಿ ಶೇ. 96.5 ತವರ, ಶೇ. 3 ಬೆಳ್ಳಿ, ಶೇ. 0.5 ತಾಮ್ರ ಇದ್ದು, ಅದು 217ರಿಂದ 220 ಡಿಗ್ರಿಯ ನಡುವೆ ಕರಗುತ್ತದೆ. ಅದು ತಣಿಯುವಾಗ ತವರದ ಹರಳುಗಳು ಮೊದಲು ಮೂಡಿ, ಉಳಿದ ದ್ರವ ಅವುಗಳ ಸಂದಿನಲ್ಲಿ ಆಮೇಲೆ ಹೆಪ್ಪುಗಟ್ಟುವುದರಿಂದ ಮೇಲ್ಮೈ ತರಿತರಿಯಾಗುತ್ತದೆ. ಆದ್ದರಿಂದ ಹೊಳಪನ್ನು ನೋಡಬೇಡಿ. ಬೆಸುಗೆ ಬಿಡಿಭಾಗದ ಲೋಹದ ಕಾಲಿಗೂ ಬೋರ್ಡಿನ ತಾಮ್ರದ ಪಟ್ಟಿಗೂ ಹರಡಿ ಅಂಟಿದೆಯೇ, ಕಾಲಿನ ಸುತ್ತ ಉಂಗುರದಂತಹ ಬಿರುಕು ಇದೆಯೇ ಎಂಬುದನ್ನು ಭೂತಗನ್ನಡಿಯಲ್ಲಿ ನೋಡಿ.

ಸೀಸವನ್ನು ಕೈಬಿಟ್ಟದ್ದು ಬಾಳಿಕೆಗಾಗಿ ಅಲ್ಲ, ಜನರ ಆರೋಗ್ಯಕ್ಕಾಗಿ. ಯುರೋಪಿಯನ್ ಒಕ್ಕೂಟದ ನಿರ್ಬಂಧ 2006ರ ಜುಲೈ 1ರಂದು ಜಾರಿಗೆ ಬಂತು. ಭಾರತದ ಇ-ತ್ಯಾಜ್ಯ ನಿಯಮಗಳೂ 2014ರ ಮೇ ತಿಂಗಳಿಂದ ಹಲವು ಬಗೆಯ ಉಪಕರಣಗಳಲ್ಲಿ ಸೀಸಕ್ಕೆ ಶೇ. 0.1ರ ಮಿತಿ ಹಾಕಿವೆ. ಗುಜರಿಯಲ್ಲಿ ಬೋರ್ಡುಗಳನ್ನು ಸುಟ್ಟು ತಾಮ್ರ ತೆಗೆಯುವವರ ಮಕ್ಕಳ ಮೈಗೆ ಸೇರುವ ಸೀಸ ಅವರ ಮಿದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ. ಈ ಕಾರಣಕ್ಕೆ ಈ ಬದಲಾವಣೆ ಸರಿಯೆಂದೇ ನಾನು ನಂಬಿದ್ದೇನೆ.

ಇನ್ನು ಬಾಳಿಕೆಯ ಮಾತು. ಹೊಸ ಮಿಶ್ರಲೋಹ ಹಳೆಯದಕ್ಕಿಂತ ಬಿರುಸು. ಉಪಕರಣ ನಿಧಾನವಾಗಿ ಕಾದು ತಣಿಯುವ ಕಡೆಗಳಲ್ಲಿ ಇದು ಹಲವು ಬಾರಿ ಸೀಸದ ಬೆಸುಗೆಗಿಂತ ಹೆಚ್ಚು ತಾಳುತ್ತದೆ. ಕೈತಪ್ಪಿ ಬಿದ್ದ ಮೊಬೈಲಿನಂತೆ ಹಠಾತ್ ಪೆಟ್ಟು ತಿನ್ನುವ ಕಡೆ ಬೇಗ ಸೀಳುತ್ತದೆ. ಸೀಸದ ಮೆತುತನ ಆ ಪೆಟ್ಟನ್ನು ನುಂಗಿಕೊಳ್ಳುತ್ತಿತ್ತು. ಹೆಚ್ಚಿನ ಬಿಸಿಯಲ್ಲಿ ಬೆಸೆಯಬೇಕಾದ್ದರಿಂದ ಬೋರ್ಡಿನ ಪದರಗಳಿಗೂ ಬಿಡಿಭಾಗಗಳಿಗೂ ತಯಾರಿಕೆಯಲ್ಲೇ ಹೆಚ್ಚು ದಣಿವಾಗುತ್ತದೆ.

ದೂರು ತಪ್ಪು ಕಡೆ ಹೋದ ಒಂದು ಪ್ರಸಿದ್ಧ ಪ್ರಸಂಗವಿದೆ. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಆಟದ ಯಂತ್ರಗಳು ಕೆಂಪು ದೀಪ ತೋರಿಸಿ ನಿಲ್ಲತೊಡಗಿದಾಗ, ಕಂಪನಿ 2007ರ ಜುಲೈಯಲ್ಲಿ ಆ ದೋಷಕ್ಕೆ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿ, ಅದಕ್ಕಾಗಿ 100 ಕೋಟಿ ಡಾಲರಿಗೂ ಹೆಚ್ಚು ಹಣ ತೆಗೆದಿರಿಸಬೇಕಾಯಿತು. ಚಿಪ್ಪಿಗೂ ಬೋರ್ಡಿಗೂ ನಡುವಿನ ಸೀಸರಹಿತ ಬೆಸುಗೆಯೇ ಕಾರಣವೆಂದು ರಿಪೇರಿಯವರಲ್ಲಿ ಹಲವರು ನಂಬಿದ್ದರು. 2021ರಲ್ಲಿ ಕಂಪನಿಯವರೇ ವಿವರಿಸಿದಂತೆ, ಮುರಿಯುತ್ತಿದ್ದುದು ಚಿಪ್ಪಿನ ಕವಚದ ಒಳಗಿನ ಜೋಡಣೆ. ಯಂತ್ರವನ್ನು ಪದೇಪದೇ ಹಚ್ಚಿ ಆರಿಸುವಾಗಿನ ಬಿಸಿ-ತಂಪಿನ ಎಳೆತವೇ ಅದನ್ನು ಮುರಿಯುತ್ತಿತ್ತು. ಹಾಟ್ ಏರ್ (ಯಂತ್ರದಿಂದ ಬಿಸಿ ಗಾಳಿ) ಕೊಟ್ಟಾಗ ಕೆಲವು ದಿನ ಓಡಿ ಮತ್ತೆ ನಿಲ್ಲುವ ಬೋರ್ಡುಗಳನ್ನು ನೀವೂ ನೋಡಿರುತ್ತೀರಿ. ಬಿಸಿಗೆ ಜೀವ ಬಂದಿತೆಂಬ ಒಂದೇ ಆಧಾರದಿಂದ ಬೋರ್ಡಿನ ಬೆಸುಗೆಯೇ ಕೆಟ್ಟಿತ್ತೆಂದು ಹೇಳಲಾಗದು.

ಸೀಸ ತೆಗೆದದ್ದರಿಂದ ನಿಜವಾಗಿಯೂ ಹೆಚ್ಚಿದ ಅಪಾಯ ಬೇರೆಯದು. ಶುದ್ಧ ತವರದ ಲೇಪನದಿಂದ ಕೂದಲಿಗಿಂತ ಸಣ್ಣ ಲೋಹದ ಎಳೆಗಳು ತಾವಾಗಿಯೇ ಬೆಳೆದು ಪಕ್ಕದ ಕಾಲನ್ನು ಮುಟ್ಟಿ ಶಾರ್ಟ್ ಮಾಡಬಲ್ಲವು. ಲೇಪನದೊಳಗಿನ ಒತ್ತಡವೇ ಅವುಗಳನ್ನು ಹೊರಗೆ ತಳ್ಳುತ್ತದೆ. ಸ್ವಲ್ಪ ಸೀಸ ಬೆರೆತರೆ ಈ ಬೆಳವಣಿಗೆ ಬಹುಮಟ್ಟಿಗೆ ಅಡಗುತ್ತದೆ. 1998ರ ಮೇ ತಿಂಗಳಲ್ಲಿ ಅಮೆರಿಕದ ಗ್ಯಾಲಕ್ಸಿ 4 ಉಪಗ್ರಹ ಕೈಕೊಟ್ಟು ಆ ದೇಶದ ಬಹುಪಾಲು ಪೇಜರುಗಳು ಮೌನವಾದದ್ದಕ್ಕೆ ಇಂತಹ ಎಳೆಗಳನ್ನೇ ಕಾರಣವೆಂದು ಗುರುತಿಸಲಾಯಿತು. ಬಾಹ್ಯಾಕಾಶ ಮತ್ತು ಸೇನಾ ಉಪಕರಣಗಳನ್ನು ಯುರೋಪಿನ ನಿರ್ಬಂಧದಿಂದ ಹೊರಗಿಟ್ಟಿರುವುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ನಿಮ್ಮ ಇನ್ವರ್ಟರ್ ಬೋರ್ಡುಗಳಲ್ಲಿ ನಾನು ಬೆಸುಗೆಗಿಂತ ಮೊದಲು ಸಂದೇಹಿಸುವುದು ಬಿಸಿಗೆ ಒಣಗುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳನ್ನು. ಅವುಗಳನ್ನು ಅಳೆದ ಮೇಲೆ ಟ್ರಾನ್ಸ್‌ಫಾರ್ಮರ್, ಕನೆಕ್ಟರ್‌ನಂತಹ ಭಾರದ ಭಾಗಗಳ ಕಾಲುಗಳನ್ನು ಪರೀಕ್ಷಿಸಿ.

ಸೀಸದ ತಂತಿಯ ವಿಷಯ: ಹಳೆಯ ಸೆಟ್ಟಿಗೆ ಅದೇ ಸರಿ. ಸೀಸರಹಿತ ಬೋರ್ಡಿನಲ್ಲಿ ದೊಡ್ಡ ಕಾಲುಗಳ ಜೋಡಣೆಗೆ ಅದು ಸಾಮಾನ್ಯವಾಗಿ ಹಿಡಿಯುತ್ತದೆ. ಆದರೆ ಬೋರ್ಡಿನ ಬೆಸುಗೆಯಲ್ಲಿ ಬಿಸ್ಮತ್ ಎಂಬ ಲೋಹ ಇದ್ದರೆ ಬಳಸಲೇಬೇಡಿ, ಏಕೆಂದರೆ ತವರ, ಸೀಸ, ಬಿಸ್ಮತ್ ಮೂರೂ ಬೆರೆತಾಗ 96 ಡಿಗ್ರಿಯಲ್ಲೇ ಕರಗುವ ಅಂಶ ಉಂಟಾಗಬಲ್ಲದು. ಹೊಸ ಉಪಕರಣಗಳಿಗೆ ಸೀಸರಹಿತ ತಂತಿ, ಪ್ರತ್ಯೇಕ ಬಿಟ್ (ಬೆಸೆಯುವ ಕಡ್ಡಿಯ ತುದಿ) ಮತ್ತು ಒಳ್ಳೆಯ ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹರಡಲು ಹಚ್ಚುವ ಪದಾರ್ಥ) ಇಟ್ಟುಕೊಳ್ಳಿ. ಸೀಸದ ತಂತಿ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಚಹಾದ ಲೋಟ ಹಿಡಿಯಬೇಡಿ. ಬೆಸೆಯುವಾಗ ಏಳುವ ಹೊಗೆ ಫ್ಲಕ್ಸಿನದು, ಸೀಸ ಮೈಸೇರುವುದು ಹೆಚ್ಚಾಗಿ ಕೈಯಿಂದ ಬಾಯಿಗೆ. ಸೀಸ ಬಳಸಿ ರಿಪೇರಿ ಮಾಡಿದ ಬೋರ್ಡಿನ ಮೇಲೆ ಹಾಗೆಂದು ಬರೆದ ಚೀಟಿ ಅಂಟಿಸಿದರೆ, ಮುಂದೆ ಅದನ್ನು ಬಿಚ್ಚುವವರಿಗೂ ಅನುಕೂಲವಾಗುತ್ತದೆ.